ಆನೆಯ ಹಾದಿ, ಶಾಲೆಯ ಗೋಡೆ

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ, ನಾಗರಹೊಳೆಯ ಕಾಡಿಗೆ ಪ್ರವೇಶವಾಗುವ ಎಡೆಯಲ್ಲಿ, ವರ್ಷಂಪ್ರತಿ ಮೈಸೂರು ದಸರೆಗೆ ಮುಂಚಿತವಾಗಿ ನಡೆಯುವ ಗಜಪಯಣವನ್ನು ಒಮ್ಮೆ ಕಂಡವರು ಅದರ ಗಾಂಭೀರ್ಯವನ್ನು ಮರೆಯಲಾರರು. ಸಿಂಗರಿಸಿದ ಆನೆಗಳು ಸಾಲಾಗಿ ನಿಲ್ಲುತ್ತವೆ. ಪುರೋಹಿತರು ಮಂತ್ರಪೂರ್ವಕವಾಗಿ ಪೂಜೆ ಸಲ್ಲಿಸಿ ಆರತಿ ಬೆಳಗುತ್ತಾರೆ. ಮಂತ್ರಿಗಳೂ ಅಧಿಕಾರಿಗಳೂ ಹೂವೆರಚಿ ಬೀಳ್ಕೊಡುತ್ತಾರೆ. 2025ರ ಆಗಸ್ಟ್ 4ರಂದು ಅಭಿಮನ್ಯುವಿನ ಮುಂದಾಳುತನದಲ್ಲಿ 9 ಆನೆಗಳ ಮೊದಲ ತಂಡವು ಹೊರಟದ್ದು ಇಲ್ಲಿಂದಲೇ. ಆನೆಗಳು ಸರ್ಕಾರದವು, ನೆಲವು ಅರಣ್ಯ ಇಲಾಖೆಯದು, ವೆಚ್ಚವು ಬೊಕ್ಕಸದ್ದು, ಪೂಜೆಯಾದರೋ ಒಂದು ಧರ್ಮದ ವಿಧಿಯಂತೆ ನಡೆಯುವಂಥದು. ಯಾವೊಂದು ಧರ್ಮದ ಪೋಷಣೆಗೆಂದೇ ಮೀಸಲಾದ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲವಂತಪಡಿಸಕೂಡದೆನ್ನುವ ಸಂವಿಧಾನದ 27ನೆಯ ವಿಧಿಯನ್ನು ಓದಿಕೊಂಡವನಿಗೆ ಇಲ್ಲಿ ಸಂದೇಹವೊಂದು ಮೂಡುವುದು ಸಹಜ.

ಅರಸರು ಆಸೀನರಾಗುತ್ತಿದ್ದ ಚಿನ್ನದ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿಯನ್ನು ಬಿಜಯಮಾಡಿಸುವ ಪದ್ಧತಿ ಬಂದದ್ದು, 1971ರಲ್ಲಿ ರಾಜಧನವು ರದ್ದಾದ ತರುವಾಯ. ಆದುದರಿಂದ ಇಂದಿನ ಜಂಬೂಸವಾರಿಯ ದೈವಿಕ ಸ್ವರೂಪವು ಗಣರಾಜ್ಯದ ಕಾಲದಲ್ಲಿಯೇ ರೂಪುಗೊಂಡದ್ದೆಂಬುದನ್ನು ಮರೆಯಲಾಗದು. 2025ರ ದಸರೆಯನ್ನು ಉದ್ಘಾಟಿಸಲು ಲೇಖಕಿ ಬಾನು ಮುಷ್ತಾಕರನ್ನು ಸರ್ಕಾರವು ಆಹ್ವಾನಿಸಿದಾಗ, ಅವರು ಹಿಂದೂ ಅಲ್ಲವೆಂದು ಎದ್ದ ಆಕ್ಷೇಪವನ್ನು ರಾಜ್ಯದ ಉಚ್ಚ ನ್ಯಾಯಾಲಯವೂ, ಸೆಪ್ಟೆಂಬರ್ 19ರಂದು ಸರ್ವೋಚ್ಚ ನ್ಯಾಯಾಲಯವೂ ತಳ್ಳಿಹಾಕಿದವು. ಇದು ರಾಜ್ಯದ ಸಮಾರಂಭ, ಇಲ್ಲಿ ರಾಜ್ಯವು ಜನರ ನಡುವೆ ಭೇದವೆಣಿಸಲಾಗದು ಎಂಬುದೇ ಆ ವಿಚಾರಣೆಯ ತಿರುಳು. ಉತ್ಸವವು ಉಳಿಯಿತು, ಅದರ ಬಾಗಿಲು ಎಲ್ಲರಿಗೂ ತೆರೆದಿತ್ತು. ಇದನ್ನು ನಾನು ಸಂತೋಷದಿಂದಲೇ ಬರೆಯುತ್ತಿದ್ದೇನೆ.

ಸರ್ಕಾರಿ ನೆಲದ ಮೇಲಣ ಗುಡಿಗೋಪುರಗಳ ವಿಷಯ ಬೇರೆ. ಬೀದಿ, ಉದ್ಯಾನ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಅನಧಿಕೃತವಾಗಿ ಗುಡಿ, ಮಸೀದಿ, ಇಗರ್ಜಿ, ಗುರುದ್ವಾರಗಳನ್ನು ಹೊಸದಾಗಿ ಕಟ್ಟಗೊಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2009ರ ಸೆಪ್ಟೆಂಬರ್ 29ರಂದು ಆಜ್ಞಾಪಿಸಿತು. ಹಳೆಯವನ್ನು ಒಂದೊಂದಾಗಿ ಪರಿಶೀಲಿಸುವ ಹೊಣೆಯನ್ನು ರಾಜ್ಯಗಳಿಗೆ ಬಿಟ್ಟಿತು. ನಮ್ಮ ಮೈಸೂರು ಜಿಲ್ಲೆಯದೇ ಆದ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯಲ್ಲಿ ಮಹದೇವಮ್ಮನ ಗುಡಿಯನ್ನು 2021ರ ಸೆಪ್ಟೆಂಬರಿನಲ್ಲಿ ಕೆಡವಿದಾಗ ಜನರು ಕುದಿದೆದ್ದರು. ಅದೇ ತಿಂಗಳು ವಿಧಾನಮಂಡಲವು ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ವಿಧೇಯಕವನ್ನು ಅಂಗೀಕರಿಸಿತು. ಕಾಯಿದೆ ಜಾರಿಗೆ ಬರುವ ಮುನ್ನ ಸಾರ್ವಜನಿಕ ಸ್ಥಳದಲ್ಲಿ ತಲೆಯೆತ್ತಿದ್ದ, ಎಲ್ಲ ಧರ್ಮಗಳ ಕಟ್ಟಡಗಳಿಗೂ ಅದು ರಕ್ಷಣೆಯನ್ನಿತ್ತು, ಮುಂದೆ ಅಂಥವನ್ನು ಕಟ್ಟುವಂತಿಲ್ಲವೆಂದು ವಿಧಿಸಿತು. ತಲೆತಲಾಂತರದಿಂದ ಹಣ್ಣುಕಾಯಿ ಮಾಡಿಸಿದವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಒಂದು ಗುಡಿಯ ದುಃಖದ ಬಿಸಿಯಲ್ಲಿಯೇ ಇಡೀ ನಾಡಿಗೆ ಅನ್ವಯಿಸುವ ಶಾಸನವನ್ನು ಅಷ್ಟು ತ್ವರೆಯಿಂದ ರೂಪಿಸಿದ್ದು ವಿವೇಕವೆಂದು ನನಗೆ ತೋರುವುದಿಲ್ಲ.

ಇಷ್ಟಾದರೂ ಗುಡಿಗೆ ಹೋಗುವುದೂ ಬಿಡುವುದೂ ಬೀದಿಯವನ ಇಚ್ಛೆಗೆ ಸೇರಿದ್ದು. ಮೆರವಣಿಗೆ ಬೇಡವೆನಿಸಿದವನು ಬೇರೆ ದಾರಿ ಹಿಡಿಯಬಹುದು. ಶಾಲೆಯ ಮಗುವಿಗೆ ಆ ಸ್ವಾತಂತ್ರ್ಯವಿಲ್ಲ. ಅದು ಕುಳಿತಲ್ಲೇ ಕುಳಿತಿರಬೇಕು, ಎದುರಿನ ಗೋಡೆಯನ್ನು ವರ್ಷವಿಡೀ ನೋಡುತ್ತಿರಬೇಕು, ಮೇಷ್ಟರು ಕೈಮುಗಿಯೆಂದರೆ ಮುಗಿಯಬೇಕು. ಈ ಸೂಕ್ಷ್ಮವನ್ನು ಬಲ್ಲವರಾಗಿಯೇ ಸಂವಿಧಾನಕರ್ತರು, ಸಂಪೂರ್ಣವಾಗಿ ರಾಜ್ಯದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಯು ಕೂಡದೆಂದು 28ನೆಯ ವಿಧಿಯಲ್ಲಿ ಬರೆದರು. ಮಾನ್ಯತೆಯನ್ನೋ ಅನುದಾನವನ್ನೋ ಪಡೆದ ಶಾಲೆಗಳಲ್ಲಿ ಸಹ, ಪೋಷಕರ ಸಮ್ಮತಿಯಿಲ್ಲದೆ ಮಗುವನ್ನು ಪೂಜೆಗೆ ಒಳಪಡಿಸಲಾಗದೆಂದರು. ಧರ್ಮಗಳ ವಿಷಯವಾಗಿ ತಿಳಿವಳಿಕೆ ಕೊಡುವುದಕ್ಕೆ ಇದು ಅಡ್ಡಿಯಲ್ಲವೆಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ತೀರ್ಪಾಯಿತು. ಗೋಡೆಯ ಮೇಲಣ ದೇವರ ಪಟದ ವಿಷಯವಾಗಿ ಮಾತ್ರ ಈ ವಿಧಿಯು ಮೌನವಾಗಿದೆ. ಆ ಮೌನದಲ್ಲಿಯೇ ಶಾರದಾಪೂಜೆಯಂಥ ರೂಢಿಗಳು ನೆಲೆನಿಂತಿವೆ.

ಅಮೆರಿಕದಲ್ಲಿ ಈ ಪ್ರಶ್ನೆಯು ನೇರವಾಗಿಯೇ ಎದುರಾಯಿತು. ತರಗತಿಯ ಗೋಡೆಗೆ ಬೈಬಲಿನ ಹತ್ತು ಕಟ್ಟಳೆಗಳನ್ನು ತೂಗುಹಾಕಬೇಕೆಂಬ ಕೆಂಟಕಿ ಸಂಸ್ಥಾನದ ಶಾಸನವನ್ನು, ಪ್ರತಿಗಳಿಗೆ ಖಾಸಗಿ ದಾನಿಗಳೇ ಹಣ ಕೊಟ್ಟಿದ್ದರೂ, ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ಅಸಿಂಧುಗೊಳಿಸಿತು. 2024ರಲ್ಲಿ ಲೂಸಿಯಾನ ಸಂಸ್ಥಾನವು ಅಂಥದೇ ಶಾಸನವನ್ನು ಮತ್ತೆ ತಂದಿತು. ನಮ್ಮಲ್ಲಿ ವಾದವು ಗೋಡೆಯನ್ನು ಬಿಟ್ಟು ಮಗುವಿನ ಉಡುಪಿನತ್ತ, ಹಿಜಾಬಿನತ್ತ ಹೊರಳಿತು: ಸಮವಸ್ತ್ರವನ್ನು ಕುರಿತ 2022ರ ಫೆಬ್ರವರಿ 5ರ ಸರ್ಕಾರಿ ಆದೇಶವನ್ನು ಉಚ್ಚ ನ್ಯಾಯಾಲಯವು ಮಾರ್ಚ್ 15ರಂದು ಎತ್ತಿಹಿಡಿದರೆ, ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಅಕ್ಟೋಬರ್ 13ರಂದು ಭಿನ್ನಾಭಿಪ್ರಾಯ ತಾಳಿದರು. ಗೋಡೆಯು ಆಡುವುದು ಸರ್ಕಾರದ ಮಾತು, ತಲೆಯ ವಸ್ತ್ರವು ಆಡುವುದು ಮಗುವಿನ ಮಾತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೆಂದು ನಾನು ಒಪ್ಪಲಾರೆ.

ವೀರನಹೊಸಹಳ್ಳಿಯ ಸುತ್ತಣ ಹಾಡಿಗಳ ಜೇನುಕುರುಬರು ಕಾಡಿನಲ್ಲಿಯೇ ತಮ್ಮ ದೈವಗಳನ್ನು ಕಂಡುಕೊಂಡವರು. ಆ ದೈವಗಳ ಪಟವನ್ನು ಶಾಲೆಯ ಗೋಡೆಯ ಮೇಲೆ ನಾನು ಕಂಡದ್ದಿಲ್ಲ. ದಸರೆಯ ಆನೆಗಳನ್ನು ನಡೆಸುವ ಮಾವುತರಲ್ಲಿಯೂ ಕಾವಾಡಿಗಳಲ್ಲಿಯೂ ಅವರಿದ್ದಾರೆ, ಮುಸಲ್ಮಾನರೂ ಇದ್ದಾರೆ. ಆನೆಗಳೊಡನೆ ಈ ಸಂಸಾರಗಳೂ ಮೈಸೂರಿಗೆ ತೆರಳಿ ಅರಮನೆಯ ಆವರಣದಲ್ಲಿ ಬೀಡುಬಿಡುತ್ತವೆ. ಮಕ್ಕಳ ಓದು ನಿಲ್ಲದಿರಲೆಂದು ಅಲ್ಲಿಯೇ ಟೆಂಟ್ ಶಾಲೆಯೊಂದು ನಡೆಯುತ್ತದೆ. ಹೊರಗೆ ಆನೆಗಳಿಗೆ ಆರತಿಯಾಗುತ್ತಿರುವಾಗ ಆ ಮಕ್ಕಳು ಒಳಗೆ ಸಾಲಾಗಿ ಕುಳಿತು, ಬಟ್ಟೆಯ ಗೋಡೆಗೆ ಆನಿಸಿದ ಕರಿಹಲಗೆಯ ಮೇಲೆ ಮೇಷ್ಟರು ಬರೆದದ್ದನ್ನು ತಿದ್ದುತ್ತಾರೆ.