ಸದ್ದಡಗಿದ ಗಡಿಯಾರ

ಜಯನಗರ, ಬನಶಂಕರಿಗಳ ಸಂದಣಿಯನ್ನು ಬಿಟ್ಟು ಪಶ್ಚಿಮಕ್ಕೆ ಸಾಗಿದರೆ, ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ ಬ್ಯಾಲಾಳು ಎಂಬ ಹಳ್ಳಿ ಸಿಕ್ಕುವುದು. 2008ರಲ್ಲಿ ಚಂದ್ರಯಾನ-1ರ ಸಲುವಾಗಿ ಸಿದ್ಧವಾದ 32 ಮೀಟರು ವ್ಯಾಸದ ಆಂಟೆನಾ ಇರುವುದು ಅಲ್ಲಿಯೇ. ಮುಂದೆ ಮಂಗಳಯಾನದೊಡನೆಯೂ ಅದು ಮಾತನಾಡಿತು. 2014ರ ಸೆಪ್ಟೆಂಬರ್ 24ರಂದು ಆ ನೌಕೆ ಮಂಗಳನ ಕಕ್ಷೆಯನ್ನು ಸೇರಿದಾಗ, ಅದರ ರೇಡಿಯೊ ಅಲೆ ಭೂಮಿಯನ್ನು ಮುಟ್ಟಲು ಸುಮಾರು ಹನ್ನೆರಡೂವರೆ ನಿಮಿಷ ಬೇಕಾಗುತ್ತಿತ್ತು.

ಅಷ್ಟು ದೂರದ ನೌಕೆಯ ವೇಗವನ್ನು ಅಳೆಯುವ ಬಗೆ ಹೇಗೆ? ಇಲ್ಲಿಂದ ಹೋದ ಅಲೆಯನ್ನು ನೌಕೆ ಹಿಂದಿರುಗಿಸುವುದು. ಡಾಪ್ಲರ್ ಪರಿಣಾಮದಿಂದ ಅದರ ಆವೃತ್ತಿ ಎಷ್ಟು ಬದಲಾಯಿತೆಂದು ನಾವು ನೋಡುವುದು. ಆವೃತ್ತಿ 220 ಕೋಟಿ ಹರ್ಟ್ಸ್ ಎಂದಿಟ್ಟುಕೊಳ್ಳೋಣ. ವೇಗದಲ್ಲಿ ಸೆಕೆಂಡಿಗೆ ಒಂದು ಮಿಲಿಮೀಟರು ವ್ಯತ್ಯಾಸವಾದರೆ, ಮರಳಿದ ಅಲೆಯಲ್ಲಿ ಕಾಣುವ ಬದಲಾವಣೆ ಕೇವಲ 0.015 ಹರ್ಟ್ಸ್! ಅಲೆ ಹೋಗಿಬರುವ ಇಪ್ಪತ್ತೈದು ನಿಮಿಷಗಳಲ್ಲಿ ನಮ್ಮ ಗಡಿಯಾರವೇ ಅಷ್ಟು ತೊನೆದಾಡಿದರೆ, ಬದಲಾದದ್ದು ನೌಕೆಯ ವೇಗವೋ ಗಡಿಯಾರದ ನಡೆಯೋ ತಿಳಿಯುವಂತಿಲ್ಲ.

ಒಳ್ಳೆಯ ಸ್ಫಟಿಕದ ಆಂದೋಲಕವು ಕ್ಷಣಕಾಲ ಬಹು ಶಾಂತವಾಗಿ ಕಂಪಿಸುವುದು. ಆದರೆ ತಾಪ ಬದಲಾದಂತೆ, ವಯಸ್ಸಾದಂತೆ ಮೆಲ್ಲನೆ ದಾರಿ ತಪ್ಪುವುದು. ಜಲಜನಕದ ಮೇಸರ್ ಇದಕ್ಕೆ ವಿರುದ್ಧ. ಅದರ ಪರಮಾಣುಗಳು ಸೂಸುವ ಅಲೆಯ ಆವೃತ್ತಿ ಸುಮಾರು 142 ಕೋಟಿ ಹರ್ಟ್ಸ್. ದಿನವಿಡೀ ನಂಬಬಹುದಾದದ್ದು, ಆದರೆ ಅತಿ ಕ್ಷೀಣವಾದದ್ದು. ಆದಕಾರಣ ಸ್ಫಟಿಕವನ್ನು ಮೇಸರಿಗೆ ಬಿಗಿದು, ಸ್ಫಟಿಕದ ಅಲೆಯನ್ನೇ ಬಳಸುವರು.

ಬಿಗಿಯುವುದು ಹೇಗೆ? ತಂಬೂರಿಯ ಎರಡು ತಂತಿಗಳನ್ನು ಶ್ರುತಿಗೂಡಿಸುವುದನ್ನು ವಾಚಕರು ಕಂಡಿರಬಹುದು. ಶ್ರುತಿ ತುಸು ಬೇರೆಯಾಗಿದ್ದರೆ ನಾದ ಏರುತ್ತ ಇಳಿಯುತ್ತ ಕೇಳುವುದು. ಬಿರಡೆಯನ್ನು ತಿರುಗಿಸಿದಂತೆ ಆ ಏರಿಳಿತ ನಿಧಾನವಾಗಿ ನಿಂತುಹೋಗುವುದು. ಇಲ್ಲಿ ಕಿವಿಯ ಕೆಲಸವನ್ನು ಪ್ರಾವಸ್ಥೆಯ ತುಲನಕಾರಿ ಮಾಡುವುದು. ಕಂಪನವು ತನ್ನ ಸುತ್ತಿನಲ್ಲಿ ಎಲ್ಲಿಗೆ ಬಂದಿದೆಯೆಂಬುದೇ ಪ್ರಾವಸ್ಥೆ. ಎರಡು ಕಂಪನಗಳ ನಡುವಣ ಪ್ರಾವಸ್ಥಾಂತರವು ವೋಲ್ಟೇಜಾಗಿ, ಒಂದು ಶೋಧಕವನ್ನು ಹಾದು, ಸ್ಫಟಿಕದ ಬಿರಡೆಯನ್ನು ತಿರುಗಿಸುವುದು.

ಜಾಣತನವೆಲ್ಲ ಈ ಶೋಧಕದಲ್ಲಿದೆ. ಅದರ ಬಾಗಿಲು ಅಗಲವಾದರೆ ಆಧಾರದ ಗದ್ದಲವೂ ಒಳನುಗ್ಗುವುದು. ಕಿರಿದಾದರೆ ಸ್ಫಟಿಕ ತಪ್ಪಿದ್ದು ತಡವಾಗಿ ತಿಳಿಯುವುದು. ಒಮ್ಮೆ ನಮ್ಮ ಪ್ರಯೋಗಶಾಲೆಯಲ್ಲಿ ಇಂತಹದೊಂದು ಮಂಡಲವನ್ನು ಕಟ್ಟಿದೆವು. ಎಣಿಕೆಯಂತ್ರದ ಪ್ರಕಾರ ಆವೃತ್ತಿ ಬಲು ಸರಿ! ಸ್ಪೆಕ್ಟ್ರಮ್ ವಿಶ್ಲೇಷಕದಲ್ಲಿ ನೋಡಿದರೆ ಇಕ್ಕೆಲದಲ್ಲಿಯೂ 50 ಹರ್ಟ್ಸ್ ದೂರದಲ್ಲಿ ಗೂಟ ನೆಟ್ಟಂತೆ ಎರಡು ಗೆರೆಗಳು. ಆಧಾರದ ಆಂದೋಲಕದೊಳಗೆ ಗೋಡೆಯ ವಿದ್ಯುತ್ತು ಗುಂಯ್‌ಗುಡುತ್ತಿತ್ತು. ಬಾಗಿಲನ್ನು ಕೆಲವೇ ಹರ್ಟ್ಸಿಗೆ ಕಿರಿದಾಗಿಸಿದೊಡನೆ ಗೂಟಗಳು ಕುಗ್ಗಿದವು. ಅತಿಯಾಸೆಯಿಂದ ಇನ್ನಷ್ಟು ಕಿರಿದು ಮಾಡಿದೆವು. ಫ್ಯಾನಿನ ಗಾಳಿ ತಗುಲಿ ಸ್ಫಟಿಕ ಅಲೆದಾಡತೊಡಗಿತು. ಎರಡರ ಗದ್ದಲವೂ ಸಮನಾಗುವೆಡೆಯಲ್ಲಿ ಬಾಗಿಲನ್ನಿಡುವುದೇ ವಾಡಿಕೆ ಎಂಬುದನ್ನು ನಾವು ಪುಸ್ತಕದಲ್ಲಿ ಓದಿದ್ದೆವು, ನಂಬಿರಲಿಲ್ಲ.

ಇಷ್ಟು ಎಚ್ಚರವೇಕೆಂದರೆ, 50 ಲಕ್ಷ ಹರ್ಟ್ಸಿನ ಸ್ಫಟಿಕದಿಂದ 220 ಕೋಟಿಗೆ ಏರಲು 440 ಪಟ್ಟು ಗುಣಿಸಬೇಕು. ಪ್ರಾವಸ್ಥೆಯ ಅಲುಗಾಟವೂ ಅಷ್ಟೇ ಪಟ್ಟು ಬೆಳೆಯುವುದು. ಗದ್ದಲದ ಶಕ್ತಿಯಾದರೋ ಅದರ ವರ್ಗದಂತೆ, ಎಂದರೆ 1,93,600 ಪಟ್ಟು.

ನೌಕೆಯಲ್ಲಿಯೂ ಇಂತಹುದೇ ಮಂಡಲವಿರುವುದು. ಈ ಆವೃತ್ತಿಗಳ ರೂಢಿಯ ನಿಯಮದಂತೆ, ಭೂಮಿಯಿಂದ ಬಂದ 221 ಕಂಪನಗಳಿಗೆ ಸರಿಯಾಗಿ ಅದು 240 ಕಂಪನಗಳನ್ನು ಮರಳಿಸುವುದು, ಒಂದೂ ಹೆಚ್ಚಿಲ್ಲ, ಒಂದೂ ಕಡಮೆಯಿಲ್ಲ.