ಪರದೇಶದಲ್ಲಿ ಸ್ಪ್ಯಾನಿಷ್ ಮೇಷ್ಟ್ರು

ಇಂಜಿನಿಯರಿಂಗ್, ಮೆಡಿಕಲ್ ಬಿಟ್ಟರೆ ಪರದೇಶಕ್ಕೆ ಬೇರೆ ದಾರಿಯೇ ಇಲ್ಲವೆಂದು ನಂಬಿರುವ ಪಾಲಕರು ನಮ್ಮಲ್ಲಿ ಬಹಳ. ಕನ್ನಡದ ಹುಡುಗಿಯೊಬ್ಬಳು ಅಮೆರಿಕದ ಮಕ್ಕಳಿಗೆ ಸ್ಪ್ಯಾನಿಷ್ ಪಾಠ ಹೇಳಬಹುದು ಎಂದರೆ ಅವರು ನಕ್ಕುಬಿಡುತ್ತಾರೆ. ಇದು ನಗುವ ವಿಷಯವಲ್ಲ. ಹಾಗೆಂದು ಆರು ತಿಂಗಳ ಕೋರ್ಸು ಮುಗಿಸಿ ವಿಮಾನ ಹತ್ತುವಷ್ಟು ಸುಲಭವೂ ಅಲ್ಲ. ಹಣ ಕಟ್ಟುವ ಮೊದಲೇ ಇದರ ಒಳಹೊರಗು ತಿಳಿದುಕೊಳ್ಳುವುದು ಒಳ್ಳೆಯದು.

ಬೇಡಿಕೆ ಎಲ್ಲಿದೆ?

ಸ್ಪೇನ್, ಆಫ್ರಿಕದ ಇಕ್ವಟೋರಿಯಲ್ ಗಿನಿ, ಮೆಕ್ಸಿಕೊದಿಂದ ಅರ್ಜೆಂಟೀನದವರೆಗಿನ ದೇಶಗಳು ಎಲ್ಲ ಸೇರಿ 20 ರಾಷ್ಟ್ರಗಳಲ್ಲಿ ಸ್ಪ್ಯಾನಿಷ್ ಆಡಳಿತ ಭಾಷೆ. ಸುಮಾರು 50 ಕೋಟಿ ಜನರಿಗೆ ಅದು ಮಾತೃಭಾಷೆ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲೂ ಅದಕ್ಕೆ ಸ್ಥಾನವಿದೆ.

ಆದರೆ ನಮ್ಮವರಿಗೆ ಸ್ಪ್ಯಾನಿಷ್ ಕಲಿಸುವ ಕೆಲಸ ಸಿಗುವುದು ಸ್ಪೇನಿನಲ್ಲಿ ಅಪರೂಪ. ಅಲ್ಲಿ ಆ ಭಾಷೆಯನ್ನು ತಾಯಿಯ ಮಡಿಲಲ್ಲೇ ಕಲಿತವರು ಇದ್ದಾರಲ್ಲ! ಬೇಡಿಕೆ ಇರುವುದು ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ. ಅಮೆರಿಕದ ಪ್ರೌಢಶಾಲೆಗಳಲ್ಲಿ ಅತಿ ಹೆಚ್ಚು ಮಕ್ಕಳು ಕಲಿಯುವ ಪರಭಾಷೆ ಸ್ಪ್ಯಾನಿಷ್. ಇಂಗ್ಲೆಂಡಿನಲ್ಲಿ 2019ರ ಎ-ಲೆವೆಲ್ ಪರೀಕ್ಷೆಗೆ ಸ್ಪ್ಯಾನಿಷ್ ಆರಿಸಿಕೊಂಡವರ ಸಂಖ್ಯೆ ಮೊದಲ ಬಾರಿಗೆ ಫ್ರೆಂಚನ್ನು ಹಿಂದಿಕ್ಕಿತು.

ಕನ್ನಡದ ನಾಲಗೆಗೆ ಅನುಕೂಲ

ಕನ್ನಡಿಗರಿಗೆ ಈ ಭಾಷೆ ನಾವು ಅಂದುಕೊಳ್ಳುವಷ್ಟು ದೂರದ್ದಲ್ಲ. ಅದರ ತ, ದ ಧ್ವನಿಗಳು ನಮ್ಮವುಗಳಂತೆಯೇ ನಾಲಗೆ ಹಲ್ಲಿಗೆ ತಾಗಿ ಹೊರಡುತ್ತವೆ. ಇಂಗ್ಲಿಷ್ ಮಕ್ಕಳು 'ಟೊಮ್ಯಾಟೊ' ಅಭ್ಯಾಸ ಬಿಟ್ಟು 'ತೊಮಾತೆ' ಎನ್ನಲು ತಿಣುಕುತ್ತಾರೆ; ನಮ್ಮ ಮಕ್ಕಳಿಗೆ ಅದು ಸಲೀಸು. ನಾವು ವರ್ಣಮಾಲೆಯಲ್ಲಿ ಓದಿ ಮರೆತುಬಿಡುವ 'ಞ' ಅಲ್ಲಿ ದಿನಬಳಕೆಯ ಧ್ವನಿ. ರಕಾರವಂತೂ ಎರಡು ಬಗೆ. 'ಪೆರೊ' ಎಂದರೆ 'ಆದರೆ', 'ಪೆರ್ರೊ' ಎಂದರೆ ನಾಯಿ. ಹಳಗನ್ನಡದಲ್ಲಿ ರ ಮತ್ತು ಱ ಬೇರೆ ಬೇರೆಯಾಗಿದ್ದುದನ್ನು ಇಲ್ಲಿ ನೆನೆಯಬಹುದು.

ವ್ಯಾಕರಣದಲ್ಲೂ ಸ್ವಾರಸ್ಯವಿದೆ. 'ಮಾತಾಡುತ್ತೇನೆ' ಎಂದರೆ ಸಾಕು, 'ನಾನು' ಎಂದು ಬೇರೆ ಹೇಳಬೇಕಿಲ್ಲ. ಸ್ಪ್ಯಾನಿಷ್‌ನಲ್ಲೂ 'ಆಬ್ಲೊ' ಎಂದರೆ ಅಷ್ಟೇ ಅರ್ಥ. ನೀನು, ನೀವು ಇರುವಂತೆ ಅಲ್ಲಿ 'ತೂ', 'ಉಸ್ತೆದ್' ಇವೆ. 'ಮೆ ಗುಸ್ತ ಎಲ್ ಮಾಂಗೊ' ಎಂಬ ವಾಕ್ಯ ನೋಡಿ: 'ನನಗೆ ಮಾವಿನಹಣ್ಣು ಇಷ್ಟ'. ಕನ್ನಡದ 'ನನಗೆ' ಎಂಬ ಚತುರ್ಥಿ ವಿಭಕ್ತಿಯ ರೀತಿಯೇ ಇದು. ಇಂಗ್ಲಿಷ್ ಮಾತಾಡುವವರು ಇಲ್ಲಿ ಎಡವುವುದು ಹೆಚ್ಚು.

ಕಷ್ಟವೂ ಇದೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಮೇಜು, ಪುಸ್ತಕ ಎರಡೂ ನಪುಂಸಕ. ಸ್ಪ್ಯಾನಿಷ್‌ನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಇದಕ್ಕೆ ಕಾರಣ ಹುಡುಕುತ್ತ ಕೂರದೆ ಪ್ರತಿ ಪದವನ್ನೂ ಅದರ ಲಿಂಗದೊಡನೆಯೇ ಕಲಿಯಬೇಕು.

ಏರಬೇಕಾದ ಮೂರು ಮೆಟ್ಟಿಲು

ಮೊದಲನೆಯದು ಭಾಷೆ. ಸ್ಪೇನ್ ಸರ್ಕಾರ 1991ರಲ್ಲಿ ಸ್ಥಾಪಿಸಿದ ಇನ್‌ಸ್ತಿತೂತೊ ಸೆರ್ವಾಂತೆಸ್ ಸಂಸ್ಥೆಯ ಕೇಂದ್ರ ದೆಹಲಿಯಲ್ಲಿದೆ. ಅದು ನಡೆಸುವ 'ಡೆಲೆ' ಪರೀಕ್ಷೆಗೆ ಎ1ರಿಂದ ಸಿ2ರವರೆಗೆ ಆರು ಹಂತಗಳು. ಈ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದೆಂಬುದಿಲ್ಲ. ಕಲಿಸಬೇಕೆನ್ನುವವರು ಕಡೆಯ ಎರಡು ಹಂತಗಳಾದ ಸಿ1, ಸಿ2ರ ಮೇಲೆ ಕಣ್ಣಿಡಬೇಕು. ಪದವಿ ಮಟ್ಟದಲ್ಲಿ ಓದಲು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇವೆ.

ಎರಡನೆಯದು ಕಲಿಸುವ ಅರ್ಹತೆ. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. 'ಡೆಲೆ' ನಿಮಗೆ ಭಾಷೆ ಬರುತ್ತದೆ ಎಂದು ಹೇಳುತ್ತದೆ, ಕಲಿಸಲು ಬರುತ್ತದೆ ಎಂದಲ್ಲ. ಅಮೆರಿಕದಲ್ಲಿ ಶಿಕ್ಷಕರ ಲೈಸೆನ್ಸನ್ನು ಆಯಾ ರಾಜ್ಯವೇ ಕೊಡುತ್ತದೆ. ಉದಾಹರಣೆಗೆ ಟೆಕ್ಸಾಸಿನಲ್ಲಿ ಪದವಿ ಇರಬೇಕು, ಶಿಕ್ಷಕ ತರಬೇತಿ ಮುಗಿಸಬೇಕು, ರಾಜ್ಯದ ಸ್ಪ್ಯಾನಿಷ್ ಪರೀಕ್ಷೆ ಪಾಸಾಗಬೇಕು. ಭಾರತದ ಪದವಿಯನ್ನು ಮೊದಲು ಮೌಲ್ಯಮಾಪನಕ್ಕೆ ಕೊಡಬೇಕು. ನಮ್ಮ ಮೂರು ವರ್ಷದ ಪದವಿ ಅಲ್ಲಿನ ನಾಲ್ಕು ವರ್ಷದ ಪದವಿಗೆ ಸಮವೆಂದು ಎಲ್ಲ ಮೌಲ್ಯಮಾಪನ ಸಂಸ್ಥೆಗಳೂ ಒಪ್ಪುವುದಿಲ್ಲ. ಮದುವೆಯಾಗಿ ಅಲ್ಲಿ ಇಳಿದ ಮೇಲೆ ಇದು ಗೊತ್ತಾದರೆ ಮತ್ತೆ ಕಾಲೇಜು, ಮತ್ತೆ ಶುಲ್ಕ. ಇಂಗ್ಲೆಂಡಿನಲ್ಲಿ 2023ರಲ್ಲಿ ಬಂದ ವ್ಯವಸ್ಥೆಯ ಪ್ರಕಾರ ಭಾರತದಲ್ಲಿ ತರಬೇತಿ ಪಡೆದು ಪಾಠ ಮಾಡಿ ಅನುಭವವಿರುವ ಭಾಷಾ, ಗಣಿತ, ವಿಜ್ಞಾನ ಶಿಕ್ಷಕರು ಕೆಲವು ಷರತ್ತುಗಳಿಗೆ ಒಳಪಟ್ಟು ಅಲ್ಲಿನ ಶಿಕ್ಷಕ ಮಾನ್ಯತೆಗೆ ಅರ್ಜಿ ಹಾಕಬಹುದು. ನಮ್ಮ ಬಿ.ಎಡ್.ಗೆ ಇರುವ ಬೆಲೆ ಇದರಿಂದ ತಿಳಿಯುತ್ತದೆ.

ಮೂರನೆಯದು ದುಡಿಯುವ ಅನುಮತಿ. ಪತಿಯ ಎಚ್-1ಬಿ ವೀಸಾದ ಮೇಲೆ ಅಮೆರಿಕಕ್ಕೆ ಹೋಗುವ ಪತ್ನಿಗೆ ಎಚ್-4 ವೀಸಾ ಸಿಗುತ್ತದೆ. ಆ ವೀಸಾವೊಂದೇ ಇದ್ದರೆ ಸಂಬಳದ ಕೆಲಸ ಮಾಡುವಂತಿಲ್ಲ. 2015ರ ನಿಯಮದಂತೆ ಪತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ತಲುಪಿದ ಮೇಲಷ್ಟೇ ಅವಳು ಪ್ರತ್ಯೇಕ ಅನುಮತಿ ಕೇಳಬಹುದು. ಅಲ್ಲಿಯವರೆಗೆ ಎಷ್ಟೇ ಭಾಷೆ ಬಂದರೂ ಮನೆಯಲ್ಲೇ ಕೂರಬೇಕು. ಮದುವೆ ಮಾತುಕತೆಯಲ್ಲಿ ಹುಡುಗನ ಸಂಬಳ ಕೇಳುವ ಹಿರಿಯರು ಇದನ್ನೂ ಒಂದು ಮಾತು ಕೇಳಿದರೆ ತಪ್ಪಿಲ್ಲ.

ಪಾಲಕರಿಗೆ ಎರಡು ಮಾತು

ಅಮೆರಿಕದಲ್ಲಿ ಮನೆಯಲ್ಲೇ ಸ್ಪ್ಯಾನಿಷ್ ಆಡುವವರು ನಾಲ್ಕು ಕೋಟಿಗೂ ಹೆಚ್ಚು. ನಿಮ್ಮ ಮಕ್ಕಳು ಪೈಪೋಟಿ ಮಾಡಬೇಕಾದುದು ಅವರೊಡನೆ. ಅವರು ಆಡುತ್ತ ಕಲಿತದ್ದನ್ನು ನಮ್ಮ ಮಕ್ಕಳು ಸೂತ್ರ ಹಿಡಿದು ಕಲಿತಿರುತ್ತಾರೆ. ತಾನೇ ಕಷ್ಟಪಟ್ಟು ಕಲಿತವನಿಗೆ ವಿದ್ಯಾರ್ಥಿ ಎಲ್ಲಿ ತಪ್ಪುತ್ತಾನೆ ಎಂಬುದು ಗೊತ್ತಿರುತ್ತದೆ. ತರಗತಿಯಲ್ಲಿ ಅದೂ ಒಂದು ಬಲವೇ.

ಆದ್ದರಿಂದ ಯಾವುದೇ ಸಂಸ್ಥೆಗೆ ಶುಲ್ಕ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ: ನೀವು ಕಲಿಸುವುದು ಯಾವ ಹಂತದವರೆಗೆ? ನಿಮ್ಮ ಸರ್ಟಿಫಿಕೇಟನ್ನು ಹೊರಗೆ ಯಾರು ಒಪ್ಪುತ್ತಾರೆ? ನಿಮ್ಮಲ್ಲಿ ಕಲಿತವರು 'ಡೆಲೆ' ಪಾಸಾಗಿದ್ದಾರೆಯೇ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ವಿದ್ಯಾರ್ಥಿಗಳೇ, ಪ್ರೌಢಶಾಲೆಯಲ್ಲೇ ಆರಂಭಿಸಿ, ಪದವಿಯ ಜೊತೆಜೊತೆಗೆ ಮುಂದುವರಿಸಿ, ಬಿ.ಎಡ್. ಮುಗಿಸಿ ಒಂದೆರಡು ವರ್ಷ ಇಲ್ಲೇ ಪಾಠ ಮಾಡಿ. ಪರದೇಶದ ಬಾಗಿಲು ತೆರೆಯದಿದ್ದರೂ ನಷ್ಟವಿಲ್ಲ. ಸ್ಪ್ಯಾನಿಷ್ ಕಲಿಸುವ ಅಂತರರಾಷ್ಟ್ರೀಯ ಶಾಲೆಗಳು ಬೆಂಗಳೂರಿನಲ್ಲೇ ಇವೆ. ಕಲಿತ ಭಾಷೆಗೆ ವೀಸಾ ಬೇಕಿಲ್ಲ.