‘ಫಿಫ್ಟೀನ್’ ಎಂದೆ, ‘ಫಿಫ್ಟಿ’ ಎಂದು ಕೇಳಿಸಿತು

ನೈರೋಬಿಯ ಮುಥೈಗಾದಲ್ಲಿ ವೃತ್ತಿ ಆರಂಭಿಸಿದ ಮೊದಲ ವಾರ. ದೂರವಾಣಿಯಲ್ಲಿ ನಾನು ಸೂಚಿಸಿದ 15 ಮಿಲಿಗ್ರಾಂ ಔಷಧವನ್ನು ದಾದಿ 50 ಎಂದು ಮರಳಿ ಓದಿದರು. ಎದೆ ಝಲ್ಲೆಂದಿತು. ತಪ್ಪು ನನ್ನ ನಾಲಗೆಯದು.

ಸ್ವಾಹಿಲಿಯೂ ಕನ್ನಡದಂತೆ ಪದಗಳನ್ನು ಸ್ವರದಲ್ಲಿ ಮುಗಿಸುವ ಭಾಷೆ. ನಮ್ಮ ‘ಬಸ್ಸು’ ಇಲ್ಲಿ ‘ಬಾಸಿ’, ‘ಡಾಕ್ಟರು’ ‘ಡಕ್ಟಾರಿ’. ಆದ್ದರಿಂದ ಇಲ್ಲಿಗೆ ಬರಬಯಸುವ ಕಿರಿಯ ವೈದ್ಯರು ಬ್ರಿಟಿಷ್ ಧಾಟಿಗಾಗಿ ಬೆವರು ಹರಿಸಬೇಕಿಲ್ಲ. ತೊಡಕಿರುವುದು ಒತ್ತಿನಲ್ಲಿ. ‘ಫಿಫ್ಟಿ’ಯಲ್ಲಿ ಒತ್ತು ‘ಫಿಫ್’ ಮೇಲೆ. ‘ಫಿಫ್ಟೀನ್’ನಲ್ಲಿ ‘ಟೀನ್’ ಮೇಲೆ ಬೀಳಬೇಕು, ‘ಈ’ಕಾರ ದೀರ್ಘವಾಗಬೇಕು, ಕೊನೆಯ ‘ನ್’ ಕೇಳಿಸಬೇಕು. ಅವಸರದಲ್ಲಿ ನಾನು ನುಂಗಿದ್ದು ಅದನ್ನೇ.

ಈಗ ‘ಫಿಫ್ಟೀನ್, ಒನ್ ಫೈವ್’ ಎಂದು ಅಂಕಿ ಬಿಡಿಸಿ ಹೇಳುತ್ತೇನೆ. ಆ ಕಡೆಯವರು ಮರಳಿ ಓದುವವರೆಗೆ ಫೋನು ಕೆಳಗಿಡುವುದಿಲ್ಲ.